ಜರ್ಮನಿಗೆ ಹರಿದ ನಮ್ಮ ಬಚ್ಚಲ ನೀರು

ನನಗೆ ಎದುರೆದುರು ನಿಂತು ಜಗಳವಾಡಲು ಬರುವುದಿಲ್ಲ. ಇದೊಂದು ಸದ್ಗುಣವೆಂದು ಹೇಳಿಕೊಳ್ಳುತ್ತಿಲ್ಲ. ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ. ಅಮ್ಮಿನಬಾವಿಯ ನಮ್ಮ ಅಜ್ಜಿಯ ಬಾಯಿಂದ ಮಾತು ಕಲಿತವಳು ನಾನು. ಆಕೆ ಅಕ್ಕಿ ತೀರಿದರೆ ‘ಅಕ್ಕಿ ಹೆಚ್ಚಾಗ್ಯಾವ’ ಎನ್ನುತ್ತಿದ್ದಳು. ದೀಪ ಆರಿಸು ಎನ್ನುತ್ತಿರಲಿಲ್ಲ, ‘ಶಾಂತ ಮಾಡು’ ಎನ್ನುತ್ತಿದ್ದಳು. ಕೂತ ಬೀಗರು ಏಳುವ ಲಕ್ಷಣ ಕಾಣದಿದ್ದರೆ, ‘ಇನ್ನೊಮ್ಮೆ ಚಾ ಇಡ್ಲೇನ್ರಿ?’ ಎಂದು ಎಷ್ಟು ಅಕ್ಕರೆಯಿಂದ ಕೇಳುತ್ತಿದ್ದಳೆಂದರೆ ಅವರು ತಾವಾಗಿಯೇ ಚಪ್ಪಲಿ ಹುಡುಕುತ್ತಿದ್ದರು. ಅಂಥವಳ ಮೊಮ್ಮಗಳಾದ ನಾನು ಗೆಳತಿಗೆ ‘ನಿನ್ನ ಗೇಟಿನ ಕೀಲಿ ತೆಗಿ’ ಎಂಬ ಒಂದು ಮಾತು ಹೇಳಲಾರದೆ, ಅದನ್ನು ಹೇಳಿಸಲು ಕೋರ್ಟಿಗೆ ಹೋದೆ.

ಗೆಳತಿಯ ಹೆಸರು ವನಮಾಲಾ. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಅಂಟಿದ ಮನೆ ಅವಳದು. ಮೂವತ್ತು ವರ್ಷಗಳಿಂದ ಜರ್ಮನಿಯಲ್ಲಿ ನರ್ಸ್. ಹಿತ್ತಲಿನ ಸಂದಿ ಕಾಗದದಲ್ಲಿ ಅವಳದು, ಅದರೊಳಗಿನ ಮೋರಿ ಮಾತ್ರ ಇಬ್ಬರದೂ. ಯಾರೋ ಅಲ್ಲಿ ಕಸ ಚೆಲ್ಲುತ್ತಾರೆಂದು ಕಳೆದ ಸಲ ಬಂದಾಗ ಕಬ್ಬಿಣದ ಗೇಟು ಹಾಕಿಸಿ, ಅಂಗೈಯಗಲದ ಕೀಲಿ ಜಡಿದು ಹೋದಳು. ಹೊರಡುವ ಗಡಿಬಿಡಿಯಲ್ಲಿ ಅರ್ಧ ಪುಡಿಕೆ ಚಾಪುಡಿ, ನಾಲ್ಕು ಉಳ್ಳಾಗಡ್ಡಿ, ಒಂದು ಕಡ್ಡಿಪೆಟ್ಟಿಗೆ, ಹೀಗೆ ಉಳಿದದ್ದೆಲ್ಲ ಚೀಲಕ್ಕೆ ತುಂಬಿ ನನ್ನ ಕೈಗಿಟ್ಟಳು. ನಾನು ಅವಳ ಕೈಗೆ ಶೇಂಗಾ ಉಂಡಿ ಇಟ್ಟೆ. ಇಬ್ಬರೂ ಅತ್ತೆವು.

ನಂತರ ಮೋರಿ ಕಟ್ಟಿಕೊಂಡಿತು. ನಮ್ಮ ಬಚ್ಚಲಲ್ಲಿ ಸುರಿದ ನೀರು ನಮ್ಮದೇ ಅಡಿಗೆಮನೆಯ ಸಿಂಕಿನಲ್ಲಿ ಮೇಲೇಳತೊಡಗಿತು. ಒಬ್ಬರು ಸ್ನಾನಕ್ಕೆ ಹೋದರೆ ಇನ್ನೊಬ್ಬರು ಸಿಂಕಿನ ಮುಂದೆ ಕಾವಲು. ‘ಸಾಕ, ಬಂತೂ!’ ಎಂದು ನಮ್ಮವರು ಕೂಗಿದರೆ ನಾನು ಸೋಪು ಹಚ್ಚಿದ ಮೈಯಲ್ಲೇ ತಂಬಿಗೆ ಕೆಳಗಿಡಬೇಕು. ಅವರು ಸುತ್ತಿಗೆ ತಂದರು. ‘ಇನ್ನೊಬ್ಬರ ಕೀಲಿ ಒಡಿಯೂದಂದ್ರ ಏನ್ರಿ? ಆಕಿ ಏನ ತಿಳಕೊಂಡಾಳು?’ ಎಂದು ಕಸಿದುಕೊಂಡೆ. ಭಾನುವಾರಕ್ಕೊಮ್ಮೆ ಫೋನು ಮಾಡುತ್ತಿದ್ದ ವನಮಾಲಾಗೆ ಸೂಚ್ಯವಾಗಿ ಹೇಳಿಯೂ ನೋಡಿದೆ.

‘ಎಲ್ಲಾ ಆರಾಮೇನಲೇ ಶಾರೂ?’

‘ಆರಾಮ. ಈ ನೀರಿಂದ ಸ್ವಲ್ಪ...’

‘ಯಾಕ, ನಳಕ್ಕ ನೀರ ಬರವಲ್ವೇನು?’

‘ಬರ್ತಾವ, ಬರ್ತಾವ. ಭಾಳ ಬರ್ತಾವ.’

‘ಧಾರವಾಡದಾಗ ಭಾಳ ನೀರ! ಪುಣ್ಯವಂತರು ಬಿಡ ನೀವು.’

ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳುವುದು? ವಕೀಲ ಹಿರೇಮಠರ ಹತ್ತಿರ ಹೋದೆ. ‘ಕೀಲಿಕೈ ಎಲ್ಲೈತ್ರಿ?’ ಎಂದರು. ‘ಆಕಿ ಹಂತ್ಯಾಕರಿ, ಮತ್ತೆಲ್ಲಿರತೈತಿ?’ ಎಂದೆ. ‘ಪ್ರತಿವಾದಿಯು ಕೀಲಿಕೈಯನ್ನು ದುರುದ್ದೇಶದಿಂದ ತನ್ನೊಡನೆ ವಿದೇಶಕ್ಕೆ ಒಯ್ದಿರುತ್ತಾಳೆ’ ಎಂದು ಬರೆಸಿದರು. ‘ದುರುದ್ದೇಶ’ದ ಮೇಲೆ ಬೆರಳಿಟ್ಟು ವಕೀಲರ ಮುಖ ನೋಡಿದೆ. ‘ಅದು ಹಂಗs ಬರೀಬೇಕರೀ ಅಕ್ಕಾರ, ಇಲ್ಲಂದ್ರ ಕೋರ್ಟಿಗೆ ಸಿಟ್ಟ ಬರೂದಿಲ್ಲ’ ಎಂದರು. ಪ್ರಮಾಣ ಮಾಡಿ ಸಹಿ ಹಾಕಿದೆ.

ಸಮನ್ಸನ್ನು ವಾಟ್ಸಾಪಿನಲ್ಲಿ ಕಳಿಸಿಬಿಡಿ ಎಂದೆ. ವಕೀಲರು ಕಣ್ಣು ಮುಚ್ಚಿ ನಕ್ಕರು. ಆ ದೇಶದವರು ಹೊರಗಿನ ಕೋರ್ಟಿನ ಕಾಗದ ನೇರ ಟಪಾಲಿನಲ್ಲಿ ಬಂದರೂ ಒಪ್ಪುವುದಿಲ್ಲವಂತೆ. ಧಾರವಾಡದಿಂದ ದಿಲ್ಲಿಗೆ, ದಿಲ್ಲಿಯಿಂದ ಅಲ್ಲಿಯ ಸರಕಾರಕ್ಕೆ, ಅಲ್ಲಿಂದ ಅವಳ ಊರಿನ ಕೋರ್ಟಿಗೆ, ಆಮೇಲೆ ಅವಳ ಮನೆಗೆ. ಅದೂ ಜರ್ಮನ್ ಭಾಷೆಯಲ್ಲಿ, ಎರಡೆರಡು ಪ್ರತಿ. ಗೋಡೆಯಾಚೆಯಿಂದ ‘ಒಂದು ವಾಟಗಾ ಸಕ್ಕರಿ ಕೊಡ’ ಎಂದು ಕೂಗುತ್ತಿದ್ದವಳಿಗೆ ಮೋರಿಯ ಸುದ್ದಿ ಮುಟ್ಟಿಸಲು ಇಷ್ಟು ದಾರಿ!

ರಾಯಾಪುರದಲ್ಲಿ ಜರ್ಮನ್ ಕಲಿಸಿ ನಿವೃತ್ತರಾದ ಪ್ರಾಧ್ಯಾಪಕರೊಬ್ಬರು ಸಿಕ್ಕರು. ಹಿತ್ತಲು, ಸಂದಿ, ಬಚ್ಚಲು ಎಂಬ ಮೂರು ಶಬ್ದಗಳಿಗೆ ಮೂರು ದಿನ ತೆಗೆದುಕೊಂಡರು. ‘ಬಾಯಾರ, ಆ ಜನಕ್ಕ ಬಚ್ಚಲ ಅಂದ್ರ ತಿಳಿಯೂದಿಲ್ಲರಿ. ವರ್ಣನಾ ಮಾಡೀನಿ’ ಎಂದು ಅರ್ಧ ಪುಟ ಬರೆದುಕೊಟ್ಟರು. ಕಾಗದ ಹೋಯಿತು. ನಾಲ್ಕು ತಿಂಗಳಿಗೆ ವಾಪಸು ಬಂತು. ವಿಳಾಸ ಸಾಲದಂತೆ. ನಾನು ಕೊಟ್ಟ ವಿಳಾಸ ಹೀಗಿತ್ತು: ‘ಟ್ರಾಮ್ ಇಳಿದು ಚರ್ಚಿನ ಹಿಂದೆ, ಬ್ರೆಡ್ಡಿನ ಅಂಗಡಿ ಎದುರಿಗೆ, ಎರಡನೇ ಅಂತಸ್ತು, ನರ್ಸ್ ಮನೆ ಎಂದು ಕೇಳಿದರೆ ತೋರಿಸುತ್ತಾರೆ.’ ಫೋನಿನಲ್ಲಿ ವನಮಾಲಾ ಯಾವಾಗಲೋ ಬಣ್ಣಿಸಿದ್ದನ್ನು ಹಾಗೇ ಬರೆಸಿದ್ದೆ. ನಮಗಾಗಲಿ, ವಕೀಲರಿಗಾಗಲಿ, ಟೈಪು ಮಾಡಿದವರಿಗಾಗಲಿ ಅದರಲ್ಲಿ ಏನೂ ಕೊರತೆ ಕಂಡಿರಲಿಲ್ಲ. ಪ್ರಾಧ್ಯಾಪಕರು ಅದನ್ನೂ ಶ್ರದ್ಧೆಯಿಂದ ಜರ್ಮನ್ನಿಗೆ ತಿರುಗಿಸಿದ್ದರು.

ಸರಿಯಾದ ವಿಳಾಸವನ್ನು ಪ್ರತಿವಾದಿಯನ್ನಲ್ಲದೆ ಇನ್ನಾರನ್ನು ಕೇಳಲಿ? ಭಾನುವಾರ ಕೇಳಿದೆ.

‘ನನ್ನ ಅಡ್ರೆಸ್ ಯಾಕಲೇ?’

‘ಅದು... ಶೇಂಗಾ ಚಟ್ನಿ ಕಳಸೂಣಂತ.’

‘ಮೂವತ್ತ ವರ್ಷದಾಗ ಯಾರೂ ಹಿಂಗ ಕೇಳಿರಲಿಲ್ಲ ಶಾರೂ’ ಎಂದು, ಮೂಗು ಎಳೆದುಕೊಳ್ಳುತ್ತ ಒಂದೊಂದೇ ಅಕ್ಷರ ಬಿಡಿಸಿ ಬರೆಸಿದಳು. ನಾನು ಬರೆದುಕೊಂಡು ವಕೀಲರಿಗೆ ಕೊಟ್ಟೆ. ಚಟ್ನಿ ಕುಟ್ಟಲಿಲ್ಲ. ಕುಟ್ಟಿದರೆ ಎರಡೂ ಒಂದೇ ವಾರ ಮುಟ್ಟಿಬಿಟ್ಟರೆ? ಚಟ್ನಿಯ ಡಬ್ಬಿ ಒಂದು ಕೈಯಲ್ಲಿ, ‘ದುರುದ್ದೇಶ’ ಇನ್ನೊಂದು ಕೈಯಲ್ಲಿ ಹಿಡಿದು ನಿಂತ ವನಮಾಲಾ ಕಣ್ಣಮುಂದೆ ಬರುತ್ತಿದ್ದಳು. ಕಾಗದ ದಾರಿಯಲ್ಲೇ ಕಳೆದುಹೋಗಲಿ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಸಿಂಕಿನ ಮುಂದೆ ನಿಂತಾಗ ಮಾತ್ರ ಲಗೂ ಮುಟ್ಟಲಿ ಎನಿಸುತ್ತಿತ್ತು.

ಎಂಟು ತಿಂಗಳ ಮೇಲೆ, ಭಾನುವಾರವಲ್ಲದ ಒಂದು ದಿನ ಫೋನು ಬಂತು.

‘ಹಳದಿ ಲಕೋಟಿ ಬಂತಲೇ. ಟಪಾಲ ಡಬ್ಬಿಯಾಗ ಏನೋ ದಪ್ಪನ್ನದ್ದು ಕಂಡು ಚಟ್ನೀನ ಬಂತಂತ ಓಡಿಹೋಗಿ ತಗದ್ರ, ಧಾರವಾಡದ ಕೋರ್ಟು!’

ನಾನು ಗ್ಯಾಸು ಶಾಂತ ಮಾಡಿ ಕೆಳಗೆ ಕೂತೆ.

‘ಎರಡ ಸಲ ಓದೀನಿ. ನಿಮ್ಮ ಬಚ್ಚಲದ ವರ್ಣನಾ ಭಾಳ ಛಲೋ ಐತಿ. ನಮ್ಮ ದವಾಖಾನಿ ಮಂದಿಗೆಲ್ಲಾ ಓದಿ ಹೇಳಿದೆ, ಅವರಿಗೆಲ್ಲಾ ಅಲ್ಲಿ ಜಳಕಾ ಮಾಡಬೇಕಂತ ಆಸೆ ಆಗೇತಿ. ಅಲ್ಲಲೇ ಹುಚ್ಚಿ, ನೀರು ಅಡಿಗಿಮನಿಗೆ ಬರಾಕತ್ತೈತಿ ಅಂತ ಒಂದ ಮಾತ ನನಗ ಹೇಳಬಾರದೇನ? ವಾರಾ ವಾರಾ ಏನ ಮಾತಾಡ್ತಿದ್ವಿ ನಾವು?’

‘ಹೇಳಿದ್ನೆಲ್ಲ. ಭಾಳ ನೀರ ಬರ್ತಾವ ಅಂತ.’

‘ನಿನ್ನ ಬಾಯಿಗೆ ಬೆಂಕಿ ಹಾಕ. ಅದಿರ್ಲಿ, ಕೀಲಿಕೈ ನಾ ಒಯ್ದೇನಿ ಅಂತ ಬರಿಸೀಯಲ್ಲ, ಹೋಗೂ ದಿನ ನಿನ್ನ ಕೈಯಾಗ ಕೊಟ್ಟಿದ್ನೆಲ್ಲಲೇ! ಕಡ್ಡಿಪೆಟ್ಟಿಗಿ ಒಳಗ ಹಾಕೇನಿ, ಮೋರಿಗೆ ಬೇಕಾದ್ರ ತಗಿ ಅಂದಿದ್ದೆ.’

ಅಂದಿರಬೇಕು. ಆಗ ನಾವಿಬ್ಬರೂ ಅಳುತ್ತಿದ್ದೆವು. ನಮ್ಮ ಮನೆಯಲ್ಲಿ ಗ್ಯಾಸಿಗೆ ಲೈಟರು ಇದೆ, ಕಡ್ಡಿ ಗೀರುವವರು ಯಾರು? ದೇವರ ಮುಂದಿನ ದೀಪಕ್ಕೆ ಮಾತ್ರ ಬೇರೆ ಪೆಟ್ಟಿಗೆ. ಫೋನು ಕಿವಿಗಿಟ್ಟುಕೊಂಡೇ ಬಾಗಿಲ ಹಿಂದೆ ತೂಗುಹಾಕಿದ್ದ ಚೀಲ ಕೊಡವಿದೆ. ಒಣಗಿದ ಉಳ್ಳಾಗಡ್ಡಿ ಸಿಪ್ಪೆಯ ಜೊತೆ ಪೆಟ್ಟಿಗೆ ಬಿತ್ತು, ತೆರೆದುಕೊಂಡಿತು. ಕೀಲಿಕೈ ನೆಲಕ್ಕೆ ಬಿದ್ದ ಸಪ್ಪಳ ಜರ್ಮನಿಗೂ ಕೇಳಿಸಿರಬೇಕು. ‘ಸಿಕ್ತೇನ?’ ಎಂದಳು.

‘ದಾವೆ ವಾಪಸ್ ತಗೋತೇನ್ರಿ’ ಎಂದರೆ ವಕೀಲರು ಕಾರಣ ಕೇಳಿದರು. ಹೇಳಿದೆ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ‘ಗೆಳತ್ಯಾರು ರಾಜಿ ಆದ್ರು ಅಂತ ಬರಿಯೂಣರೀ ಅಕ್ಕಾರ. ಕಡ್ಡಿಪೆಟ್ಟಿಗಿ ಬ್ಯಾಡ’ ಎಂದರು. ಮೋರಿ ಒಂದೇ ಬೆಳಗಿನಲ್ಲಿ ಸ್ವಚ್ಛವಾಯಿತು. ವನಮಾಲಾ ವಿಧಿಸಿದ ಶಿಕ್ಷೆಯಂತೆ ಎರಡು ಕಿಲೋ ಚಟ್ನಿ ಕುಟ್ಟಿ ಕಳಿಸಿದೆ. ದಿಲ್ಲಿಯ ಯಾವ ಸಾಹೇಬರ ಸಹಿಯೂ ಇಲ್ಲದೆ ಹನ್ನೊಂದೇ ದಿನಕ್ಕೆ ಮುಟ್ಟಿತು.

ಇನ್ನು ಮೇಲೆ ಏನಿದ್ದರೂ ಬಾಯಿಬಿಟ್ಟು ಹೇಳುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಕಳೆದ ಭಾನುವಾರ ಧೈರ್ಯ ಮಾಡಿ, ‘ನಿಮ್ಮ ನುಗ್ಗಿ ಗಿಡದ ಟೊಂಗಿ ನಮ್ಮ ಮಾಳಿಗಿ ಮ್ಯಾಲ ಬಂದಾವ’ ಎಂದೆ.

‘ಕಂಬಳಿಹುಳ ಆಗ್ಯಾವೇನ? ಕಡಸಿಬಿಡಲೇನು?’ ಎಂದಳು.

ಸಂಡಿಗೆ ಒಣಹಾಕಲು ಹೋಗಿ ಮೊಳಕೈತನಕ ಎದ್ದ ದದ್ದುಗಳನ್ನು ಕೆರೆದುಕೊಳ್ಳುತ್ತಲೇ ಹೇಳಿದೆ:

‘ಏ, ಕಡಸೂದ್ಯಾಕ? ಇರ್ಲಿ ಬಿಡ. ನೆರಳ ಛಲೋ ಬೀಳತೈತಿ.’