ಎಲ್ಲೂ ಸಿಗದ ಗಿಡ ಹುಡುಕಿದ ನಮ್ಮ ಮೇಷ್ಟ್ರು

ಗಿಡ ಹುಡುಕುವವರ ಬೆನ್ನಿಗೆ ಬಿದ್ದವರು ನಗುವನ್ನು ಬೇರೆ ಹುಡುಕಬೇಕಾಗಿಲ್ಲ, ಅದೇ ಕಾಲಿಗೆ ತೊಡರುತ್ತೆ. ಅರವತ್ತರ ದಶಕದ ಶುರುವಿನಲ್ಲಿ ನಾನು ಶಿವಮೊಗ್ಗದ ಕಾಲೇಜೊಂದರ ಸಸ್ಯಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರಾಗಿದ್ದೆ. ನಮ್ಮ ಮೇಷ್ಟ್ರಿಗೆ ಕೊಡಚಾದ್ರಿ ಕಾಡೆಂದರೆ ಪ್ರಾಣ. "ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಗಿಡಗಳು ಅಲ್ಲಿವೆ ಕಣಯ್ಯಾ" ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳೋರು.

೧. ಹಳೇ ಪೇಪರ್

ತಂದ ಗಿಡಗಳನ್ನು ಪೇಪರಿನ ನಡುವೆ ಒತ್ತಿ ಒಣಗಿಸಬೇಕು. ಅದಕ್ಕೇ ಗಾಂಧಿ ಬಜಾರಿನ ಅಂಗಡಿಯಲ್ಲಿ ಮೇಷ್ಟ್ರು ಒಂದು ಹೊರೆ ಹಳೇ ಪೇಪರ್ ಕೇಳಿದರು.

"ಇಷ್ಟೊಂದು ಯಾರು ಓದ್ತಾರೆ ಸ್ವಾಮಿ?" ಅಂದ ಅಂಗಡಿಯವನು.

"ನನಗಲ್ಲಪ್ಪ, ಗಿಡಗಳಿಗೆ."

ಅವನು ಬಹಳ ಮರ್ಯಾದೆಯಿಂದ ಕೇಳಿದ: "ಕನ್ನಡದ್ದು ಕಟ್ಟಲೋ, ಇಂಗ್ಲಿಷಿನದೋ?"

೨. ನಾಲ್ಕು ಕೇಸರ

ನಮ್ಮ ಜೀಪಿನ ಡ್ರೈವರ್ ಭದ್ರಾವತಿಯ ಸಾಹೇಬರು. ಮೇಷ್ಟ್ರು ದಾರಿಯುದ್ದಕ್ಕೂ ಪಾಠ ಮಾಡೋರು, ಇವರು ಗೇರ್ ಹಾಕುತ್ತಾ ಕೇಳೋರು. ಒಮ್ಮೆ ಬೆಂಗಳೂರಿನಿಂದ ದೊಡ್ಡ ವಿದ್ವಾಂಸರೊಬ್ಬರು ಜೊತೆಗೆ ಬಂದರು. ಬೆಟ್ಟದ ತಿರುವಿನಲ್ಲಿ ಜೀಪು ಕೆಟ್ಟು ನಿಂತಾಗ ನೀಲಿ ಹೂವೊಂದನ್ನು ನೋಡಿ, "ಇದು ಜಸ್ಟೀಷಿಯಾ" ಅಂತ ಅದರ ಶಾಸ್ತ್ರೀಯ ಹೆಸರು ಹೇಳಿಬಿಟ್ಟರು. ಮೇಷ್ಟ್ರು ಸಂಕೋಚದಿಂದ ಕನ್ನಡಕ ಒರೆಸತೊಡಗಿದರು. ಬಾನೆಟ್ಟಿನೊಳಗಿಂದ ತಲೆಯೆತ್ತಿದ್ದು ಸಾಹೇಬರು.

"ಮಾಫ್ ಮಾಡಿ ಸಾರ್, ಸ್ಟ್ರೊಬಿಲಾಂಥಸ್ ಅದು. ಕೇಸರ ಎರಡಲ್ಲ, ನಾಲ್ಕಿದೆ ನೋಡಿ."

ವಿದ್ವಾಂಸರು ಭೂತಗನ್ನಡಿ ಹಿಡಿದು ಎಣಿಸಿದರು. ನಾಲ್ಕೇ!

"ಎಷ್ಟು ಓದಿದೀರಿ ನೀವು?"

"ನಾಲ್ಕನೇ ಕ್ಲಾಸ್ ಸಾರ್. ಜೀಪಿನ ಸ್ಪೇರ್ ಪಾರ್ಟ್ಸ್ ಹೆಸರು ಇದಕ್ಕಿಂತ ಕಷ್ಟ."

೩. ಬಂಡೆಯ ಹೂವು

ಗುಲಾಬಿ ಬಣ್ಣದ ಒಂದು ಪುಟ್ಟ ಕರ್ಣಕುಂಡಲ ಹೂವಿನ ಗಿಡವನ್ನು ಮೇಷ್ಟ್ರು ನಾಲ್ಕು ಮಳೆಗಾಲ ಹುಡುಕಿದ್ದರು. ಐದನೆಯದರಲ್ಲಿ, ಜಾರುವ ಬಂಡೆಯ ಮೇಲೆ ಅವರು ಹೊಟ್ಟೆಯೂರಿ ತೆವಳುತ್ತಿದ್ದರೆ ನಾನು ಹಿಂದಿನಿಂದ ಅವರ ಎರಡೂ ಕಾಲು ಹಿಡಿದಿದ್ದೆ. ಕೈ ಸಡಿಲವಾದರೆ ಮೇಷ್ಟ್ರು ಕಣಿವೆಗೆ. "ಸಿಕ್ತು ಕಣಯ್ಯಾ!" ಅಂತ ಕೂಗಿದರು. ಇದ್ದದ್ದು ಮೂರೇ ಗಿಡ. ಬುಡಸಮೇತ ಕೀಳಲು ಮನಸ್ಸಾಗದೆ ಒಂದೇ ಒಂದು ಕುಡಿ ಚಿವುಟಿಕೊಂಡರು. ಅಂಥ ಮನುಷ್ಯ.

ಮೈತುಂಬಾ ಜಿಗಣೆ ಹತ್ತಿಸಿಕೊಂಡು ಇಳಿದು ಬಂದೆವು. ಬೆಟ್ಟದ ಬುಡದಲ್ಲಿ ಫಾರೆಸ್ಟ್ ವಾಚರನ ಮನೆ. ಅವನ ಹೆಂಡತಿ ಮಜ್ಜಿಗೆ ತಂದುಕೊಟ್ಟಳು. ಮೇಷ್ಟ್ರು ಲೋಟ ಹಿಡಿದವರು ಹಾಗೇ ಎದ್ದು ನಿಂತರು. ಆಕೆಯ ಮುಡಿಯಲ್ಲಿ ಅದೇ ಹೂವು, ಒಂದು ಮೊಳ!

"ತಾಯೀ, ಇದೆಲ್ಲಿ ಸಿಕ್ತು?"

"ಬಚ್ಚಲ ಹಿಂದೆ ರಾಶಿ ಬೆಳೆದಿದೆ ಸ್ವಾಮಿ. ನಮ್ಮ ಎಮ್ಮೆಗೆ ದಿನಾ ಅದೇ ಹಾಕೋದು."

ನನಗೆ ಅಳು ಬಂತು. ಮೇಷ್ಟ್ರು ಮಾತ್ರ ಬಚ್ಚಲ ಹಿಂದಕ್ಕೆ ಓಡಿ, ಆ ಹೂವಿನ ರಾಶಿಯ ಮುಂದೆ ದೇವರೆದುರು ನಿಂತಹಾಗೆ ನಿಂತರು. "ತಾಯೀ, ಈ ಬೆಟ್ಟ ಬಿಟ್ಟರೆ ಈ ಗಿಡ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ!" ಅಂದರು.

ಆಕೆ ನಿಜವಾಗಿಯೂ ನೊಂದುಕೊಂಡಳು. "ಅಯ್ಯೋ ಪಾಪ! ಹಾಗಾದ್ರೆ ಬೇರೆ ಊರಿನ ಎಮ್ಮೆಗಳು ಏನ್ ತಿಂತಾವೆ ಸ್ವಾಮಿ?"