ಸಬಲೀಕರಣವನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಬಗ್ಗೆ

ತೊಟ್ಟಿಲು ಸೇವಾ ಟ್ರಸ್ಟ್ (ನೋಂ.)
ಕಾರ್ಯದರ್ಶಿಯವರ ಕಚೇರಿ (ಕಾರ್ಯದರ್ಶಿಯವರ ಮನೆಯ ವೆರಾಂಡ), ಬಿಟಿಎಂ ಲೇಔಟ್, ಬೆಂಗಳೂರು

ಸಂಖ್ಯೆ: ತೊಸೇಟ್ರ/ಸಬಲ/07/2003-04 ದಿನಾಂಕ: 14-05-2003

ಸುತ್ತೋಲೆ

ವಿಷಯ: ದತ್ತಿ ಪ್ರತಿಷ್ಠಾನದ ಮರುಪರಿಶೀಲನೆ ಮುಗಿಯುವವರೆಗೆ ಫಲಾನುಭವಿಗಳು ಸಬಲರಾಗದಿರುವ ಬಗ್ಗೆ.

ಉಲ್ಲೇಖ: 1) ಅನುದಾನ ಕೋರಿ ಟ್ರಸ್ಟ್ ಸಲ್ಲಿಸಿದ ಅರ್ಜಿ.
2) ಶರಣಮ್ಮನವರು ಗೇಟಿನ ಬಳಿ ನಿಂತು ಆಡಿದ ಮಾತುಗಳು.

ಆಫೀಸುಗಳಲ್ಲಿ ಕಸ ಗುಡಿಸಿ ನೆಲ ಒರೆಸುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವ ನಮ್ಮ ಶಿಶುವಿಹಾರದ ಶೆಡ್ಡನ್ನು ಮಾಲೀಕರು ಈ ತಿಂಗಳ ಕೊನೆಗೆ ಒಡೆಯಲಿದ್ದಾರೆ. ಅನುದಾನ ಬಂದರೆ ಬೇರೆ ಜಾಗ. ಬಾರದಿದ್ದರೆ ಜೂನ್ ಒಂದರಿಂದ ಬೀಗ. ಆದ್ದರಿಂದ ಕಾರ್ಯದರ್ಶಿ ಶ್ರೀ ವೆಂಕಟಾಚಲ ಅವರು ತಮ್ಮ ನಿವೃತ್ತಿಪೂರ್ವ ಕಚೇರಿಯ ಅನುಭವವನ್ನೆಲ್ಲ ಧಾರೆಯೆರೆದು ಅರ್ಜಿ ಬರೆದು, ಫಲಾನುಭವಿಗಳನ್ನು "ಧ್ವನಿಯಿಲ್ಲದ ಅಬಲೆಯರು" ಎಂದು ವರ್ಣಿಸಿದ್ದರು.

ಕಳೆದ ವಾರ ಪ್ರತಿಷ್ಠಾನದ ಅಧಿಕಾರಿ ಕು. ಸೌಮ್ಯ ಅವರು ಜಯನಗರದಿಂದ ಪರಿಶೀಲನೆಗೆ ಬಂದಾಗ ಆಟೋದವನು ಮೀಟರ್ ಮೇಲೆ ಒಂದೂವರೆ ಪಟ್ಟು ಕೇಳಿರುತ್ತಾನೆ. ಧ್ವನಿಯಿಲ್ಲದ ಅಬಲೆಯರ ಪಟ್ಟಿಯಲ್ಲಿ ಮೊದಲನೆಯವರಾದ ಶರಣಮ್ಮನವರು ಆಗ ಮಧ್ಯಪ್ರವೇಶಿಸಿ, "ಹಾಡಹಗಲಾಗ ಒಂದೂವರಿ ಯಾಕೋ ಅಣ್ಣಾ? ಅಕ್ಕಾರು ಒಬ್ರ ಬಂದಾರೋ, ಒಂದೂವರಿ ಮಂದಿ ಬಂದಾರೋ?" ಎಂದು ಕೇಳಿದ್ದು, ಅದು ಬಸ್‌ಸ್ಟಾಪಿನವರೆಗೂ ಕೇಳಿಸಿರುತ್ತದೆ. ಆಟೋದವನು ಮೀಟರಿನಷ್ಟೇ ಪಡೆದು, ಕ್ಷಮೆಯನ್ನೂ ಕೋರಿ ನಿರ್ಗಮಿಸಿರುತ್ತಾನೆ. ಅಧಿಕಾರಿಯವರು, "ಅಯ್ಯೋ ಸಾರ್, ಇವ್ರನ್ನ ನಾವೇನ್ ಎಂಪವರ್ ಮಾಡೋದು? ಇವ್ರೇ ನಮ್ಗೆ ಮಾಡ್ತಾರೆ!" ಎಂದು ನಗುತ್ತಾ ಹೇಳಿ, ಅದನ್ನೇ ಫೈಲಿನಲ್ಲಿ ನಗದೆ ಬರೆದುಕೊಂಡಿರುತ್ತಾರೆ. ಇದೇ 28ರಂದು ಮರುಪರಿಶೀಲನೆ. ತತ್ಸಂಬಂಧ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಅನುದಾನದ ಮೊದಲ ಕಂತು ಬಿಡುಗಡೆಯಾಗುವವರೆಗೆ ಯಾರೂ ಸಬಲರಾಗತಕ್ಕದ್ದಲ್ಲ. ಈಗಾಗಲೇ ಆಗಿಬಿಟ್ಟಿರುವವರು ಅದನ್ನು 28ರ ಸಂಜೆಯವರೆಗೆ ಅಮಾನತಿನಲ್ಲಿಡತಕ್ಕದ್ದು.

2. ಧ್ವನಿಯಿಲ್ಲದವರು ತಗ್ಗಿದ ಧ್ವನಿಯಲ್ಲಿ ಮಾತನಾಡತಕ್ಕದ್ದು. "ನಮ್ಮೂರಾಗ ಹೊಲದ ಆಚೀ ಕಡಿ ಇದ್ದೋರ್ನ ಕರದು ರೂಢಿ ಐತ್ರಿ ಸಾರ, ಗಂಟಲಾನ ಹಂಗ ಬಂದೈತಿ" ಎಂಬ ಶರಣಮ್ಮನವರ ಸಮಜಾಯಿಷಿಯನ್ನು ಪರಿಶೀಲಿಸಲಾಗಿದೆ. ಬಿಟಿಎಂನಲ್ಲಿ ಹೊಲಗಳು ಲಭ್ಯವಿಲ್ಲದ ಕಾರಣ ತಿರಸ್ಕರಿಸಲಾಗಿದೆ.

3. ಆಟೋದವನು ಎರಡು ಪಟ್ಟು ಕೇಳಿದರೂ ಮೌನವಾಗಿ ನೊಂದುಕೊಳ್ಳತಕ್ಕದ್ದು.

4. ಉಪಚಾರದ ಬಗ್ಗೆ:
(ಅ) ಕಳೆದ ಬಾರಿ ಅಧಿಕಾರಿಯವರಿಗೆ ಗಿರಮಿಟ್, ಮೆಣಸಿನಕಾಯಿ ಬಜ್ಜಿ ನೀಡಿದ್ದು, ಅವರು ಎರಡನೇ ಪ್ಲೇಟನ್ನೂ ಕೇಳಿ ಪಡೆದಿರುತ್ತಾರೆ. ಇಷ್ಟು ರುಚಿಯಾಗಿ ಮಾಡುವವರಿಗೆ ಕಷ್ಟವಿದೆಯೆಂದು ಯಾರು ತಾನೇ ನಂಬುತ್ತಾರೆ? ಇನ್ನು ಮುಂದೆ ಟೀಯಲ್ಲಿ ಅದ್ದಿದ ಕೂಡಲೇ ಮುರಿದು ಬೀಳುವ ಬಿಸ್ಕತ್ತು ಮಾತ್ರ.
(ಆ) ಇದಕ್ಕೆ ಅಡುಗೆಯ ರೇಣವ್ವನವರು, "ಮನಿಗೆ ಬಂದೋರಿಗೆ ಬಿಸ್ಕೀಟ್ ಕೊಟ್ಟ ಕಳಸೂವಷ್ಟು ಬಡತನ ನಮಗೇನ್ ಬಂದೈತ್ರಿ?" ಎಂದಿರುತ್ತಾರೆ. ದೇವರಾಣೆ, ಈ ಮಾತನ್ನು ಪ್ರತಿಷ್ಠಾನದವರೆದುರು ಆಡಕೂಡದು.

5. ಶರಣಮ್ಮನವರ ಮಗ ಮೌನೇಶನು ಹೆಸರಿಗಷ್ಟೇ ಮೌನೇಶನಾಗಿದ್ದು, ಅಗತ್ಯಕ್ಕಿಂತ ಗುಂಡಗಿರುತ್ತಾನೆ, ಕಂಡವರಿಗೆಲ್ಲ ನಗುತ್ತಾನೆ. ಎರಡು ವರ್ಷದವರಿಗೆ ಜ್ಞಾಪನಾ ಪತ್ರ ನೀಡಲು ನಿಯಮಗಳಲ್ಲಿ ಅವಕಾಶವಿಲ್ಲ. ಪರಿಶೀಲನೆಯ ವೇಳೆ ಆತ ನಿದ್ರಿಸುತ್ತಿರತಕ್ಕದ್ದು. ನಿದ್ರಿಸದಿದ್ದಲ್ಲಿ, ನಿದ್ರಿಸುತ್ತಿರುವುದಾಗಿ ಭಾವಿಸತಕ್ಕದ್ದು.

6. ಈ ಕಂಡಿಕೆಯನ್ನು ಓದಿ ಹೇಳಿದಾಗ ರೇಣವ್ವನವರು ನೆಲದ ಮೇಲೆ ಕೂತು ನಕ್ಕ ಕಾರಣ ಕೈಬಿಡಲಾಗಿದೆ.

7. ಅನುದಾನ ಬಂದ ಕೂಡಲೇ ಎಲ್ಲರೂ ಸಬಲರಾಗಿ ಮೂರು ಪ್ರತಿಗಳಲ್ಲಿ ವರದಿ ಸಲ್ಲಿಸತಕ್ಕದ್ದು. ಮಾರ್ಚ್ 31ರೊಳಗೆ ಬಳಕೆಯಾಗದ ಸಬಲೀಕರಣವು ತಾನಾಗಿಯೇ ರದ್ದಾಗುತ್ತದೆ.

8. ಮೇಲ್ಕಂಡ ಸೂಚನೆಗಳ ತಾಲೀಮನ್ನು ನಿನ್ನೆ ಇದೇ ವೆರಾಂಡದಲ್ಲಿ ನಡೆಸಲಾಯಿತು. ಅಧಿಕಾರಿಯ ಪಾತ್ರ ವಹಿಸಿದ ಕಾರ್ಯದರ್ಶಿಯವರು ಕನ್ನಡಕ ಮೂಗಿಗೇರಿಸಿ, "ನಿಮ್ಮ ಕಷ್ಟವೇನು?" ಎಂದು ಕೇಳಿದರು. ಶರಣಮ್ಮನವರು ಕಂಡಿಕೆ 2ನ್ನು ಅಕ್ಷರಶಃ ಪಾಲಿಸಿ, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದ್ದಿಷ್ಟು: "ಜೂನ್ ಒಂದಕ್ಕ ಕೂಸಿನ್ನ ಎಲ್ಲಿ ಬಿಡ್ಲಿರಿ ಸಾರ? ಆಫೀಸ್‌ನ್ಯಾಗ ಒಳಗ ಬಿಡಂಗಿಲ್ಲ. ಮನ್ಯಾಗ ಯಾರೂ ಇಲ್ಲ." ಮುಂದಿನ ಪ್ರಶ್ನೆಯಿದ್ದ ಹಾಳೆಯನ್ನು ಕಾರ್ಯದರ್ಶಿಯವರು ಮಡಚಿ ಜೇಬಿಗಿಟ್ಟುಕೊಂಡರು. ಇದನ್ನು ನಡಾವಳಿಯಲ್ಲಿ ದಾಖಲಿಸಲಾಗಿದೆ.

9. ಆದಕಾರಣ, ಅನುದಾನ ಬರಲಿ ಬಿಡಲಿ, ಜೂನ್ ಒಂದರಿಂದ ಮಕ್ಕಳೆಲ್ಲರೂ ಕಾರ್ಯದರ್ಶಿಯವರ ಮನೆಯ ಹಾಲ್‌ನಲ್ಲಿ ಇರತಕ್ಕದ್ದೆಂದು ಈ ಮೂಲಕ ಆದೇಶಿಸಲಾಗಿದೆ. ಇದಕ್ಕೆ ಅವರ ಧರ್ಮಪತ್ನಿಯವರ ಒಪ್ಪಿಗೆ ಪಡೆಯುವುದು ಬಾಕಿ ಇದೆ. ಹೇಗೆ ಪಡೆಯಬಹುದೆಂಬ ಬಗ್ಗೆ ಸಲಹೆಗಳಿದ್ದಲ್ಲಿ ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸುವುದು.

ಸಹಿ/-
(ವೆಂಕಟಾಚಲ)
ಗೌರವ ಕಾರ್ಯದರ್ಶಿ

ಪ್ರತಿಗಳು:
1. ಎಲ್ಲ ಫಲಾನುಭವಿಗಳಿಗೆ, ಪಾಲನೆಗಾಗಿ.
2. ಶ್ರೀಮತಿ ರೇಣವ್ವ, ಅಡುಗೆ ವಿಭಾಗ: ಬಿಸ್ಕತ್ತಿನ ಬಗ್ಗೆ ಮತ್ತೊಮ್ಮೆ ಯೋಚಿಸುವ ಕೋರಿಕೆಯೊಂದಿಗೆ.
3. ಚಿ. ಮೌನೇಶ: ಪ್ರತಿಯನ್ನು ನೀಡಲಾಗಿದ್ದು, ಅರ್ಧ ತಿಂದಿರುತ್ತಾನೆ.
4. ಪ್ರತಿಷ್ಠಾನಕ್ಕೆ: ಯಾವುದೇ ಕಾರಣಕ್ಕೂ ಕಳುಹಿಸತಕ್ಕದ್ದಲ್ಲ.
5. ಶ್ರೀಮತಿ ಮಂಗಮ್ಮ, ಕಾರ್ಯದರ್ಶಿಯವರ ಧರ್ಮಪತ್ನಿ: ಪ್ರತಿಯ ಅಗತ್ಯವಿರುವುದಿಲ್ಲ. ಶರಣಮ್ಮನವರು ಅಷ್ಟು ಮೆಲ್ಲಗೆ ಆಡಿದ ಮಾತೂ ಅಡುಗೆಮನೆಗೆ ಕೇಳಿಸಿದ್ದು, ಈ ಸುತ್ತೋಲೆ ಟೈಪಾಗುವಷ್ಟರಲ್ಲಿ ಹಾಲ್‌ನ ಸೋಫಾ ವೆರಾಂಡಕ್ಕೆ ಬಂದಿರುತ್ತದೆ. ಅವರಿಂದ ಬಂದಿರುವ ಏಕೈಕ ಆಕ್ಷೇಪಣೆ: "ಬರ್ದಿದ್ ಸಾಕು ಬನ್ರೀ, ಟಿವೀನ ಮೇಲೆತ್ತಿಡಿ, ಮಕ್ಕಳ ಕೈಗೆ ಸಿಗತ್ತೆ." ಸದರಿ ಆಕ್ಷೇಪಣೆಯನ್ನು ಅಂಗೀಕರಿಸಲಾಗಿದೆ.