ಸೋಮವಾರದ ಪೆಟ್ಟಿಗೆ

ಧರ್ಮಸ್ವಾತಂತ್ರ್ಯದ ಪರವಾಗಿ ವಾದಿಸುವುದು ಸುಲಭ. ಅದು ಪೂರ್ಣವಾಗಿ ಜಾರಿಯಲ್ಲಿರುವ ಮನೆಯಲ್ಲಿ ಬದುಕುವುದು ಕಷ್ಟ. ಕಾಲೇಜಿನ ಚರ್ಚಾಕೂಟದಲ್ಲಿ ಎರಡು ಬಾರಿ ಬೆಳ್ಳಿಯ ಬಟ್ಟಲು ಗೆದ್ದ ನಾನು ಈ ಸತ್ಯವನ್ನು ಹೊಳೆನರಸೀಪುರದ ನಮ್ಮ ನಡುಮನೆಯಲ್ಲಿ ಬೆವರುತ್ತ ಕಲಿತೆ.

ಸಂವಿಧಾನ ಬಂದು ಕೆಲವೇ ವರ್ಷಗಳಾಗಿದ್ದವು. ರಾಜ್ಯಶಕ್ತಿಗೂ ಅಂತಃಸಾಕ್ಷಿಗೂ ನಡುವೆ ಇರಬೇಕಾದ ಅಂತರವನ್ನು ಕುರಿತು ನಾನು ಸಂಶೋಧನೆ ನಡೆಸಿದ್ದೆ. ಕೊನೆಯ ಅಧ್ಯಾಯ ಶನಿವಾರದೊಳಗೆ ಮೈಸೂರಿನ ಪ್ರಾಧ್ಯಾಪಕರ ಕೈ ಸೇರದಿದ್ದರೆ ಮೂರು ವರ್ಷದ ಶ್ರಮ ಮುಂದಿನ ವರ್ಷಕ್ಕೆ ಬೀಳುತ್ತಿತ್ತು. ಇದ್ದದ್ದು ಒಂದೇ ಕೈಬರಹದ ಪ್ರತಿ. ಸೋಮವಾರ ಅರಕಲಗೂಡಿಗೆ ಭಾಷಣಕ್ಕೆ ಹೊರಡುವಾಗ, ಇಲಿಗಳಿಗೆ ಹೆದರಿ, "ಅವ್ವಾ, ಇದು ನಂಗೆ ದೇವರಿದ್ದಂಗೆ, ಜ್ವಾಪಾನ" ಎಂದು ಅವ್ವನ ಕೈಗಿತ್ತೆ. ಅವ್ವ ದೇವರನ್ನು ಇಡುವ ಜಾಗ ಒಂದೇ: ಮನೆದೇವರ ಪೆಟ್ಟಿಗೆ. ಅದನ್ನು ಸೋಮವಾರವಲ್ಲದೆ ಬೇರೆ ದಿನ ತೆಗೆಯುವ ಪದ್ಧತಿ ನಮ್ಮ ವಂಶದಲ್ಲಿಲ್ಲ.

ಗುರುವಾರ ಹಿಂದಿರುಗಿ, ವಿಷಯ ತಿಳಿದು, ಸಂಜೆಯವರೆಗೆ ವಾದಿಸಿದೆ. ಅವ್ವ ರಾಗಿ ಕೇರುತ್ತಲೇ ಕೇಳಿದಳು, "ಅದ್ರಲ್ಲಿ ಏನ್ ಬರ್ದಿದೀಯ ಮಗಾ?"

"ಯಾರ ನಂಬಿಕೆಗೂ ಯಾರೂ ಬಲವಂತದಿಂದ ಕೈ ಹಾಕಬಾರ್ದು ಅಂತ."

"ಸರಿಯಾಗೇ ಬರ್ದಿದೀಯ ಕಣಪ್ಪ. ಅಂಗಾರೆ ಸುಮ್ಕೆ ಕೂತ್ಕೊ. ಸ್ವಾಮಾರ ತಗ್ದುಕೊಡ್ತೀನಿ."

ಎದುರಾಳಿ ನನ್ನ ಪ್ರಬಂಧವನ್ನು ಓದದೆಯೇ ಅದರಿಂದ ನನ್ನನ್ನು ಸೋಲಿಸಿದ್ದು ಅದೇ ಮೊದಲು.

ಶುಕ್ರವಾರ ಬೆಳಿಗ್ಗೆ ಅವ್ವ ಪೆಟ್ಟಿಗೆಯ ಬೀಗದಕೈಯನ್ನು ಗೂಟಕ್ಕೆ ಹಾಕಿ, ಬಟ್ಟೆ ಒಗೆಯಲು ಹೊಳೆಗೆ ಹೋದಳು. ಮೈಸೂರಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ನಂಬಿಕೆಗೆ ಬಲವಂತದಿಂದ ಕೈ ಹಾಕಬಾರದ್ದು ರಾಜ್ಯ, ನಾನು ಕೇವಲ ಮಗ ಎಂದು ತರ್ಕ ಕಟ್ಟಿಕೊಂಡು ಬೀಗದಕೈ ತೆಗೆದುಕೊಂಡೆ. ಬೀಗಕ್ಕೆ ಅದನ್ನು ತಾಗಿಸಿದ್ದೇ ತಡ, ನೆನಪಾಯಿತು: ನಾನಿನ್ನೂ ಸ್ನಾನ ಮಾಡಿರಲಿಲ್ಲ. ಹಿತ್ತಿಲಿಗೆ ಓಡಿದೆ. ತಣ್ಣೀರನ್ನೇ ಸುರಿದುಕೊಂಡು, ತೊಟ್ಟಿಕ್ಕುವ ತಲೆಯೊಂದಿಗೆ ಹಿಂದಿರುಗುವಷ್ಟರಲ್ಲಿ ಅವ್ವ ಒದ್ದೆ ಬಟ್ಟೆಯ ಗಂಟಿನೊಡನೆ ಬಾಗಿಲಲ್ಲಿದ್ದಳು. ನನ್ನ ತಲೆ ನೋಡಿದಳು, ಕೈಯಲ್ಲಿದ್ದ ಬೀಗದಕೈ ನೋಡಿದಳು.

"ಮಿಂದ್ಕಂಡು ಬಂದಿದೀಯಲ್ಲ, ಅಷ್ಟಾದ್ರೂ ಭಯ ಐತೆ ಬುಡು" ಎಂದು ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಸ್ಸು ಹೋಯಿತು.

ಸೋಮವಾರ ಪೆಟ್ಟಿಗೆ ತೆರೆದಾಗ ಅಧ್ಯಾಯದ ಕೊನೆಯ ಪುಟವೇ ಮೇಲಿತ್ತು. 'ವಿಚಾರವಂತನ ಅಂತಃಸಾಕ್ಷಿ ಭಯವನ್ನರಿಯದು' ಎಂಬುದು ನನ್ನ ಸಮಾರೋಪದ ವಾಕ್ಯ. ಹೇಗಿದ್ದರೂ ಒಂದು ವರ್ಷದ ಬಿಡುವು ಸಿಕ್ಕಿದೆ, ಸುಳ್ಳನ್ನಾದರೂ ಹೊಡೆದುಹಾಕೋಣವೆಂದು ಪೆನ್ನು ತೆಗೆದೆ. ಆದರೆ ಅವ್ವ ಸರಿಯಾಗಿ ಅದರ ಮೇಲೆಯೇ ಕುಂಕುಮ ಇಟ್ಟಿದ್ದಳು. ಅದರ ಮೇಲೆ ಗೀಟು ಎಳೆಯಲು ನನಗೆ ಧೈರ್ಯ ಬರಲಿಲ್ಲ. ಆ ವಾಕ್ಯ ಪ್ರಬಂಧದಲ್ಲಿ ಇಂದಿಗೂ ಹಾಗೆಯೇ ಇದೆ.